ಬೇವಿನ ಎಲೆಯಿಂದ ಬೆಳ್ಳಿಯ ನ್ಯಾನೋಕಣ: ಬಣ್ಣ ಬಂದ ಮೇಲೂ ಉಳಿಯುವ ಕೆಲಸ

ಬೇವಿನ ಎಲೆಯ ರಸ ಬೆಳ್ಳಿಯ ಲವಣವಾದ ಸಿಲ್ವರ್ ನೈಟ್ರೇಟ್‌ನ ದ್ರಾವಣಕ್ಕೆ ಬಿದ್ದರೆ ಸ್ವಲ್ಪ ಹೊತ್ತಿನಲ್ಲೇ ಕಂದು ಬಣ್ಣ ಬರುತ್ತದೆ. ಬಣ್ಣ ಬಂತು, ನ್ಯಾನೋಕಣ (ಕಣ್ಣಿಗೆ ಕಾಣದಷ್ಟು ಚಿಕ್ಕ ಬೆಳ್ಳಿಯ ಕಣ) ಆಯಿತು ಎಂದು ಅಲ್ಲಿಗೇ ನಿಲ್ಲಿಸುವವರೇ ಹೆಚ್ಚು. ಕಣ ತೊಳೆದು, ಅದು ಬ್ಯಾಕ್ಟೀರಿಯಾ ಕೊಲ್ಲುತ್ತದೆಯೇ ಎಂದು ಪರೀಕ್ಷಿಸುವ ನಿಜವಾದ ಕೆಲಸ ಇರುವುದು ಆಮೇಲೆ.

ತಾಜಾ ಎಲೆ 10 ಗ್ರಾಂ ತೆಗೆದುಕೊಳ್ಳುತ್ತೇನೆ. ನಲ್ಲಿ ನೀರಿನಲ್ಲಿ ತೊಳೆದು, ಕೊನೆಯ ಎರಡು ಸಲ ಡಿಸ್ಟಿಲ್ಡ್ ವಾಟರ್‌ನಲ್ಲೇ ಜಾಲಿಸಬೇಕು. ಸಣ್ಣಗೆ ಹೆಚ್ಚಿ, 100 ಮಿಲಿ ಡಿಸ್ಟಿಲ್ಡ್ ವಾಟರ್‌ನಲ್ಲಿ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ನಿಮಿಷ ಇಟ್ಟು, ಆರಿದ ಮೇಲೆ ಬಟ್ಟೆಯಲ್ಲಿ, ನಂತರ ವಾಟ್‌ಮನ್ 1ನೇ ನಂಬರಿನ ಫಿಲ್ಟರ್ ಕಾಗದದಲ್ಲಿ ಸೋಸುತ್ತೇನೆ. 4 ಡಿಗ್ರಿಯಲ್ಲಿಟ್ಟು ಮೂರು ದಿನದೊಳಗೆ ಬಳಸಬೇಕು. ಮಬ್ಬಾಗಿದ್ದರೆ ಚೆಲ್ಲಿ, ಹೊಸದಾಗಿ ಮಾಡಿಕೊಳ್ಳುವುದೇ ಮೇಲು.

ಒಂದು ಮಿಲಿಮೋಲಾರ್ ದ್ರಾವಣಕ್ಕೆ 100 ಮಿಲಿಗೆ 17 ಮಿಲಿಗ್ರಾಂ ಸಿಲ್ವರ್ ನೈಟ್ರೇಟ್ ಸಾಕು. ಇಷ್ಟು ಕಡಿಮೆ ತೂಗುವಾಗ ತಪ್ಪಾಗುವುದು ಸುಲಭ. ಅದಕ್ಕೆ 170 ಮಿಲಿಗ್ರಾಂ ತೂಗಿ 100 ಮಿಲಿ ಮಾಡಿ, ಅದರಲ್ಲಿ 10 ಮಿಲಿ ತೆಗೆದು ಮತ್ತೆ 100 ಮಿಲಿಗೆ ಏರಿಸುತ್ತೇನೆ. ಕಂದು ಬಾಟಲಿಯೇ ಬೇಕು, ಬೆಳಕು ತಾಗಬಾರದು. ಕೈಗವಸು ಹಾಕದಿದ್ದರೆ ಚರ್ಮದ ಮೇಲಿನ ಕಪ್ಪು ಕಲೆ ದಿನಗಟ್ಟಲೆ ಹೋಗುವುದಿಲ್ಲ.

ಈ ದ್ರಾವಣ 90 ಮಿಲಿಯನ್ನು 60 ಡಿಗ್ರಿಯಲ್ಲಿ ತಿರುಗಿಸುತ್ತಾ, 10 ಮಿಲಿ ಎಲೆರಸವನ್ನು ಹನಿಹನಿಯಾಗಿ ಬಿಡುತ್ತೇನೆ. ಮೊದಲು ತಿಳಿ ಹಳದಿ, ಆಮೇಲೆ ಡಿಕಾಕ್ಷನ್ ಬಣ್ಣ. ಹಾಕಿದ ತಕ್ಷಣ ಹಾಲಿನಂತೆ ಮಬ್ಬು ಕಂಡರೆ ಅದು ಸಿಲ್ವರ್ ಕ್ಲೋರೈಡ್. ನೀರಿನಲ್ಲಿ ಕ್ಲೋರೈಡ್ ಇತ್ತು ಎಂದರ್ಥ. ಎಲೆಯ ರಸದಲ್ಲೇ ಇರುವುದೂ ಉಂಟು.

ಪಿಎಚ್ (ಆಮ್ಲ-ಕ್ಷಾರದ ಅಳತೆ) ಏರಿಸಿದರೆ ಕ್ರಿಯೆ ಚುರುಕಾಗುತ್ತದೆ, ಕಣಗಳೂ ಸಾಮಾನ್ಯವಾಗಿ ಚಿಕ್ಕದಾಗುತ್ತವೆ. ಆದರೆ ಸೋಡಿಯಂ ಹೈಡ್ರಾಕ್ಸೈಡನ್ನು ಎಲೆರಸಕ್ಕೆ ಮೊದಲೇ ಹಾಕಿ 8ಕ್ಕೆ ತಂದುಕೊಳ್ಳಬೇಕು. ಬೆಳ್ಳಿಯ ದ್ರಾವಣಕ್ಕೆ ನೇರವಾಗಿ ಹಾಕಿದರೆ ಸಿಲ್ವರ್ ಆಕ್ಸೈಡ್ ಇಳಿಯುತ್ತದೆ. ಅದರ ಬಣ್ಣವೂ ಕಂದೇ, ಮೋಸ ಹೋಗುವುದು ಇಲ್ಲೇ. ಪಿಎಚ್ ಏರಿಸಲು ಅಮೋನಿಯಾ ಬೇಡವೇ ಬೇಡ: ಬೆಳ್ಳಿಯೊಂದಿಗೆ ಬೆರೆತು ಒಣಗಿದರೆ ಸಿಡಿಯುವ ವಸ್ತು ಉಂಟಾಗಬಹುದು.

ದ್ರಾವಣ ಯಾವ ಬೆಳಕನ್ನು ಎಷ್ಟು ಹೀರುತ್ತದೆ ಎಂದು ಅಳೆಯುವ ಯುವಿ-ವಿಸಿಬಲ್ ಉಪಕರಣದಲ್ಲಿ 400ರಿಂದ 450 ನ್ಯಾನೋಮೀಟರ್ ನಡುವೆ ಶಿಖರ ಕಾಣಬೇಕು. ಬ್ಲಾಂಕ್‌ಗೆ (ಹೋಲಿಕೆಗೆ ಇಡುವ ಮಾದರಿಗೆ) ಬರಿ ನೀರು ಸಾಲದು, ಅಷ್ಟೇ ಪ್ರಮಾಣದಲ್ಲಿ ತೆಳು ಮಾಡಿದ ಎಲೆರಸ ಇಡಬೇಕು. ಶಿಖರ ಅಗಲವಾಗಿ ಬಲಕ್ಕೆ ಜಾರಿದ್ದರೆ ಕಣಗಳು ಗುಂಪುಗಟ್ಟಿವೆ. ಎಕ್ಸ್‌ಆರ್‌ಡಿ (ಎಕ್ಸ್-ಕಿರಣದಿಂದ ಹರಳಿನ ರಚನೆ ನೋಡುವ ಉಪಕರಣ) ಸಿಕ್ಕರೆ ತಾಮ್ರದ ಎಕ್ಸ್-ಕಿರಣದಲ್ಲಿ 38.1 ಡಿಗ್ರಿ ಕೋನದ ಶಿಖರ ಬೆಳ್ಳಿಯದು, 32.2ರಲ್ಲಿ ಎದ್ದು ಕಂಡರೆ ಕ್ಲೋರೈಡ್ ಸೇರಿಕೊಂಡಿದೆ.

ಇನ್ನು ತೊಳೆಯುವುದು. ನನ್ನ ಮಟ್ಟಿಗೆ ಇಡೀ ಪ್ರಯೋಗದ ಜೀವ ಇರುವುದು ಇಲ್ಲಿ. ಕ್ರಿಯೆಗೆ ಸಿಗದೆ ಉಳಿದ ಬೆಳ್ಳಿ ಅಯಾನು (ಕಣವಾಗದೆ ನೀರಿನಲ್ಲಿ ಕರಗಿರುವ ಬೆಳ್ಳಿ) ತಾನೇ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಆ ಶ್ರೇಯ ಕಣಕ್ಕೆ ಹೋಗಿಬಿಡುತ್ತದೆ. ಸೆಂಟ್ರಿಫ್ಯೂಜ್‌ನಲ್ಲಿ (ವೇಗವಾಗಿ ತಿರುಗಿಸಿ ಕಣವನ್ನು ತಳಕ್ಕಿಳಿಸುವ ಯಂತ್ರ) 12,000 ಆರ್‌ಪಿಎಂನಲ್ಲಿ 20 ನಿಮಿಷ ತಿರುಗಿಸಿ, ಮೇಲಿನ ನೀರು ತೆಗೆದು, ಡಿಸ್ಟಿಲ್ಡ್ ವಾಟರ್‌ನಲ್ಲಿ ಮತ್ತೆ ಕದಡುತ್ತೇನೆ. ಹೀಗೆ ಮೂರು ಸಲವಾದರೂ ಆಗಬೇಕು. ತಳದಲ್ಲಿ ಅಂಟಿಕೊಂಡರೆ ಐದು ನಿಮಿಷ ಸೋನಿಕೇಟರ್ (ಶಬ್ದದ ಅಲೆಯಿಂದ ಕದಡುವ ಯಂತ್ರ). ಕೊನೆಯ ಮೇಲ್ನೀರಿನ ಒಂದು ಮಿಲಿಗೆ ಉಪ್ಪಿನ ದ್ರಾವಣದ ಒಂದು ಹನಿ ಬಿಟ್ಟು, ಕಪ್ಪು ಕಾಗದದ ಮುಂದೆ ಹಿಡಿದು ನೋಡಿ. ಬಿಳಿ ಮೋಡದಂತೆ ಎದ್ದರೆ ಅಯಾನು ಇನ್ನೂ ಇದೆ, ಇನ್ನೊಮ್ಮೆ ತೊಳೆಯಬೇಕು. ಸಲೈನ್‌ನಲ್ಲಿ (ಉಪ್ಪು ನೀರಿನಲ್ಲಿ) ಮಾತ್ರ ತೊಳೆಯಬಾರದು, ಕಣಗಳು ಗಂಟುಕಟ್ಟುತ್ತವೆ.

ಪರೀಕ್ಷೆಗೆ ಮುಲ್ಲರ್-ಹಿಂಟನ್ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಗಟ್ಟಿ ಮಾಧ್ಯಮ), 0.5 ಮ್ಯಾಕ್‌ಫಾರ್ಲೆಂಡ್ (ಮಬ್ಬಿನಿಂದ ಅಳೆಯುವ ಮಾನ) ಸಾಂದ್ರತೆಯ ಇ. ಕೋಲಿ ಮತ್ತು ಸ್ಟಫೈಲೋಕಾಕಸ್ ಆರಿಯಸ್ ಬ್ಯಾಕ್ಟೀರಿಯಾ, ಮಾದರಿ ತುಂಬಲು ಅಗರ್‌ನಲ್ಲಿ 6 ಮಿಮೀ ಗುಳಿಗಳು, 37 ಡಿಗ್ರಿಯಲ್ಲಿ ಒಂದು ರಾತ್ರಿ. ಕಣದ ಜೊತೆ ಎಲೆರಸ, ಅಷ್ಟೇ ಬೆಳ್ಳಿ ಇರುವ ಸಿಲ್ವರ್ ನೈಟ್ರೇಟ್, ಕೊನೆಯ ಮೇಲ್ನೀರು, ಬರಿ ನೀರು, ಎಲ್ಲಕ್ಕೂ ಒಂದೊಂದು ಗುಳಿ ಬೇಕೇ ಬೇಕು. ಮೇಲ್ನೀರಿನ ಗುಳಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯ ಬಿದ್ದರೆ ಆ ತಟ್ಟೆಯ ಫಲಿತಾಂಶ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಣಗಳು ಅಗರ್‌ನಲ್ಲಿ ಸರಿಯಾಗಿ ಹರಡುವುದಿಲ್ಲ, ಆದ್ದರಿಂದ ವಲಯ ಚಿಕ್ಕದಿದ್ದ ಮಾತ್ರಕ್ಕೆ ಶಕ್ತಿ ಕಡಿಮೆ ಎನ್ನಲಾಗದು. ಎಂಐಸಿ (ಬೆಳವಣಿಗೆ ತಡೆಯುವ ಕನಿಷ್ಠ ಸಾಂದ್ರತೆ) ಬೇಕಿದ್ದರೆ ಬ್ರಾತ್‌ನಲ್ಲೇ (ದ್ರವ ಮಾಧ್ಯಮದಲ್ಲಿ) ನೋಡಬೇಕು. ಆದರೆ ಕಣದ ಕಂದು ಬಣ್ಣದಿಂದ ಮಬ್ಬು ಗುರುತಿಸುವುದು ಕಷ್ಟ. ಹಾಗಾಗಿ ಪ್ರತಿ ಕೊಳವೆಯಿಂದ 10 ಮೈಕ್ರೋಲೀಟರ್ ತೆಗೆದು ಹೊಸ ಅಗರ್ ಮೇಲೆ ಹನಿಸುತ್ತೇನೆ. ಮರುದಿನ ಯಾವ ಹನಿಯಲ್ಲಿ ಕಾಲೊನಿ ಎದ್ದಿಲ್ಲ ಎಂದು ನೋಡಿದರೆ, ಎಷ್ಟು ಸಾಂದ್ರತೆಗೆ ಬ್ಯಾಕ್ಟೀರಿಯಾ ಸತ್ತಿದೆ ಎಂಬುದು ತಿಳಿಯುತ್ತದೆ. ಇದು ಕೊಲ್ಲುವ ಸಾಂದ್ರತೆ, ಎಂಐಸಿ ಅಲ್ಲ.