ಮೊಲದ ಚಿಗಟ: ಮದ್ದು ಮೈಗೆ ಒಂದಿಷ್ಟು, ಕೆಲಸವೆಲ್ಲ ನೆಲಕ್ಕೆ

ಮೊಲಕ್ಕೂ ಚಿಗಟ ಹತ್ತುತ್ತದೆ ಅಂದರೆ ನಮ್ಮಲ್ಲಿ ಬಹಳ ಜನ ನಂಬುವುದಿಲ್ಲ. ಅದರಲ್ಲೂ ಹೊಸ್ತಿಲು ದಾಟದ ಮೊಲಕ್ಕೆ. ಮೈಸೂರಿನಲ್ಲಿ ನಮ್ಮದು ಹಳೇ ಕಾಲದ ಮನೆ, ಕೆಂಪು ಗಾರೆ ನೆಲ. ಗುಂಡ (ನಮ್ಮ ಬಿಳಿ ಮೊಲ) ನಡುಮನೆ ಬಿಟ್ಟು ಹೊರಗೆ ಹೋಗುವವನಲ್ಲ. ಆದರೆ ಮೆಟ್ಟಿಲ ಕೆಳಗೆ ಬೀದಿ ಬೆಕ್ಕುಗಳ ಸಂಸಾರ. ಅವು ಮಲಗುವುದು ಬಾಗಿಲ ಮುಂದಿನ ನಾರಿನ ಮ್ಯಾಟಿನ ಮೇಲೆ, ನಾವು ಕಾಲು ಒರೆಸಿಕೊಂಡು ಒಳಗೆ ಬರುವುದೂ ಅದರ ಮೇಲೇ. ಯುರೋಪಿನಲ್ಲಿ ಮೊಲದ್ದೇ ಒಂದು ಜಾತಿಯ ಚಿಗಟ ಇದೆ. ಆದರೆ ಮನೆಯೊಳಗೆ ಸಾಕಿದ ಮೊಲಕ್ಕೆ ಸಾಮಾನ್ಯವಾಗಿ ಹತ್ತುವುದು ಬೆಕ್ಕಿನ ಚಿಗಟ. ಹೆಸರು ಬೆಕ್ಕಿನದಾದರೂ ನಾಯಿ, ಮೊಲ, ಮನುಷ್ಯರ ಕಣಕಾಲು, ಯಾವುದನ್ನೂ ಅದು ಬಿಡುವುದಿಲ್ಲ.

ಮೊದಲು ಚಿಗಟ ಹೌದೋ ಅಲ್ಲವೋ ನೋಡಿಕೊಳ್ಳಬೇಕು. ಮೊಲ ಕೆರೆದುಕೊಂಡದ್ದೆಲ್ಲ ಚಿಗಟವಲ್ಲ. ಬೆನ್ನ ಮೇಲೆ ತಲೆಹೊಟ್ಟಿನ ಹಾಗೆ ಬಿಳಿ ಹುಡಿ ಉದುರುತ್ತಿದ್ದರೆ, ಕಿವಿಯೊಳಗೆ ಕಂದು ಬಣ್ಣದ ಹಕ್ಕಳೆ ಕಟ್ಟಿದ್ದರೆ, ಮೂಗಿನ ತುದಿ, ಉಗುರಿನ ಬುಡದಲ್ಲಿ ಕಜ್ಜಿ ಎದ್ದಿದ್ದರೆ ಅದು ನುಸಿ. ಅದರ ಔಷಧಿಯೇ ಬೇರೆ. ನುಸಿಗೆ ಕೊಡುವ ಐವರ್‌ಮೆಕ್ಟಿನ್ ಚಿಗಟಕ್ಕೆ ಕೆಲಸ ಮಾಡುವುದಿಲ್ಲ. ನಾನು ಗುಂಡನನ್ನು ಟವೆಲ್ಲಿನ ಮೇಲೆ ಕೂರಿಸಿ, ಬಾಲದ ಬುಡದಿಂದ ಬೆನ್ನಿನವರೆಗೆ, ಆಮೇಲೆ ಕಿವಿಯ ಹಿಂದೆ ಸೀರಣಿಗೆ ಆಡಿಸಿದೆ. ಹೇನು ತೆಗೆಯುವ ಅದೇ ಸಣ್ಣ ಹಲ್ಲಿನ ಬಾಚಣಿಗೆ. ಕರಿಮೆಣಸಿನ ಪುಡಿಯಂಥ ಚೂರುಗಳು ಬಂದವು. ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಅವನ್ನು ಉದುರಿಸಿದೆ. ಸ್ವಲ್ಪ ಹೊತ್ತಿಗೆ ಒಂದೊಂದು ಚುಕ್ಕೆಯ ಸುತ್ತಲೂ ಇಟ್ಟಿಗೆ ಬಣ್ಣ ಹರಡಿತು. ಬರೀ ಧೂಳಾಗಿದ್ದರೆ ಹಾಗೆ ಬಣ್ಣ ಬಿಡುವುದಿಲ್ಲ. ಅದು ಚಿಗಟದ ಹಿಕ್ಕೆ, ಅಂದರೆ ಗುಂಡನದೇ ರಕ್ತ.

ವಿಷಯ ಗೊತ್ತಾದ ಕೂಡಲೇ ಮನೆ ತುಂಬ ವೈದ್ಯರು. ಅತ್ತೆ ಹೇಳಿದರು, "ಬಿಸಿನೀರಿಗೆ ಬೇವಿನ ಸೊಪ್ಪು ಹಾಕಿ ಒಂದು ಸಲ ಸ್ನಾನ ಮಾಡ್ಸಮ್ಮ, ಎಲ್ಲಾ ಹೋಗುತ್ತೆ."

"ನಾಯಿಗಾದ್ರೆ ಸರಿ ಅತ್ತೆ, ಇದಕ್ಕೆ ನೀರು ಹಾಕಿದ್ರೆ ಹೆದರಿಕೇಗೇ ಹೋಗ್ಬಿಡುತ್ತೆ" ಅಂದೆ. ಅವರು ಒಪ್ಪಲಿಲ್ಲ, ಆದರೆ ಬಕೆಟ್ಟನ್ನೂ ತರಲಿಲ್ಲ.

ಅದು ಉತ್ಪ್ರೇಕ್ಷೆಯೇನಲ್ಲ. ಮೊಲದ ಒಳಗೂದಲು ದಟ್ಟ, ಒಣಗುವುದಕ್ಕೆ ಗಂಟೆಗಟ್ಟಲೆ ಬೇಕು, ಅಷ್ಟರಲ್ಲಿ ಮೈ ತಣ್ಣಗಾಗುತ್ತದೆ. ನೀರಿನಲ್ಲಿ ಹಿಡಿದಾಗ ಹಿಂಗಾಲು ಝಾಡಿಸಿದರೆ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳಬಲ್ಲದು. ಬೇವಿನೆಣ್ಣೆ, ಕರ್ಪೂರ, ನುಸಿಗುಳಿಗೆ, ನಾಯಿಗೆ ಹಾಕುವ ಪೌಡರು, ಕೊರಳಿಗೆ ಕಟ್ಟುವ ಚಿಗಟದ ಪಟ್ಟಿ ಎಲ್ಲವನ್ನೂ ಇದೇ ಸಾಲಿಗೆ ಸೇರಿಸಿ ದೂರ ಇಟ್ಟೆ. ಮೊಲ ಇಡೀ ದಿನ ಮೈ ನೆಕ್ಕಿಕೊಳ್ಳುವ ಪ್ರಾಣಿ, ಮೈಗೆ ಹಚ್ಚಿದ್ದೆಲ್ಲ ಹೊಟ್ಟೆಗೇ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದದ್ದು ಹೊರಗೆ ಬರುವ ದಾರಿಯಿಲ್ಲ. ಉಸಿರಾಡುವುದೂ ಮೂಗಿನಿಂದ ಮಾತ್ರ, ಹಾಗಾಗಿ ಎಂಥ "ನೈಸರ್ಗಿಕ" ಪುಡಿಯಾದರೂ ಬೇಡ.

ಎಲ್ಲಕ್ಕಿಂತ ಅಪಾಯ ಕಂಡದ್ದು ಸಾಕುಪ್ರಾಣಿಗಳ ಸಾಮಾನಿನ ಅಂಗಡಿಯಲ್ಲಿ. "ಬೆಕ್ಕಿಂದೇ ಹಾಕಿ ಮೇಡಂ, ಸೈಜು ಒಂದೇ ಅಲ್ವಾ" ಎಂದು ಅಂಗಡಿಯವನು ಒಂದು ಸಣ್ಣ ಡಬ್ಬಿ ಮುಂದಿಟ್ಟ. ಕತ್ತಿನ ಹಿಂದೆ ಬಿಡುವ ಹನಿ. ಔಷಧಿಯ ಹೆಸರು ನೋಡಿದೆ: ಫಿಪ್ರೋನಿಲ್. ಒಳಗಿನ ಚೀಟಿ ಬಿಚ್ಚಿ ಕನ್ನಡಕ ಹಾಕಿಕೊಂಡು ಓದಿದರೆ, ಇರುವೆ ಸಾಲಿನಂಥ ಅಕ್ಷರಗಳ ನಡುವೆ ಸ್ಪಷ್ಟವಾಗಿ ಬರೆದಿತ್ತು: ಮೊಲಗಳಿಗೆ ಬಳಸಬಾರದು. ಅವನಿಗೇ ಓದಲು ಕೊಟ್ಟೆ. ನಾಯಿ, ಬೆಕ್ಕುಗಳಿಗೆ ದಿನನಿತ್ಯ ಬಳಸುವ ಈ ಔಷಧಿಯಿಂದ ಮೊಲಗಳಿಗೆ ಫಿಟ್ಸ್ ಬರುತ್ತದೆ, ಸತ್ತದ್ದೂ ಇದೆ. ಸ್ಪ್ರೇ ರೂಪದಲ್ಲಿದ್ದರೂ ಅದೇ ಕಥೆ. ಪರ್ಮೆಥ್ರಿನ್ ಇರುವುದೂ ಬೇಡ. ಮೊಲ ಸಾಕುವವರು ಈ ಎರಡು ಹೆಸರನ್ನು ಬಾಯಿಪಾಠ ಮಾಡಿಟ್ಟುಕೊಳ್ಳಬೇಕು, ಯಾಕೆಂದರೆ ಡಬ್ಬಿಯ ಮುಂಭಾಗದಲ್ಲಿ ದೊಡ್ಡದಾಗಿ ಇರುವುದು ಕಂಪನಿಯ ಹೆಸರು ಮಾತ್ರ.

ಪಶುವೈದ್ಯರ ಹತ್ತಿರ ಹೋಗುವ ಮುಂಚೆ ಫೋನ್ ಮಾಡಿ "ಡಾಕ್ಟ್ರೇ, ಮೊಲ ನೋಡ್ತೀರಾ?" ಎಂದು ಕೇಳಿಕೊಂಡೆ. ದನ, ನಾಯಿ ನೋಡುವವರೆಲ್ಲ ಮೊಲ ನೋಡುವುದಿಲ್ಲ, ಅದರಲ್ಲಿ ತಪ್ಪೂ ಇಲ್ಲ. ಹೊಟ್ಟೆ ಖಾಲಿ ಇರಿಸಿ ಕರೆದೊಯ್ಯಬಾರದು. ಮುಚ್ಚಳದ ಬುಟ್ಟಿಯಲ್ಲಿ ಟವೆಲ್ ಹಾಸಿ, ಗರಿಕೆ ಹುಲ್ಲು ಇಟ್ಟು ಒಯ್ದೆ. ಅವರು ಮೊದಲು ಮಾಡಿದ ಕೆಲಸ ತೂಕ. ಆಮೇಲೆ ತುಟಿ ಸರಿಸಿ ಒಸಡಿನ ಬಣ್ಣ ನೋಡಿದರು. ಚಿಗಟ ಜಾಸ್ತಿಯಾದರೆ, ಅದರಲ್ಲೂ ಮರಿಗಳಿಗೆ, ರಕ್ತ ಕಡಿಮೆಯಾಗಿ ಒಸಡು ಬಿಳಿಚುತ್ತದೆಯಂತೆ. ಗುಂಡನದು ಗುಲಾಬಿಯಾಗೇ ಇತ್ತು. ಕೊಟ್ಟದ್ದು ಸೆಲಮೆಕ್ಟಿನ್ ಎಂಬ, ಚರ್ಮದ ಮೇಲೆ ಬಿಡುವ ಹನಿ, ತೂಕ ಲೆಕ್ಕ ಹಾಕಿ ಸಿರಿಂಜಿನಲ್ಲಿ ಅಳೆದು. ಇಮಿಡಾಕ್ಲೋಪ್ರಿಡ್ ಕೂಡ ಮೊಲಕ್ಕೆ ಆಗುತ್ತದೆ, ಬ್ರಿಟನ್ನಿನಲ್ಲಿ ಸಾಕುಮೊಲಗಳಿಗೆ ಬಳಸಲು ಅದಕ್ಕೆ ಪರವಾನಗಿಯೇ ಇದೆ. ಆದರೆ ನಾಯಿಗಳಿಗೆಂದು ಅದೇ ಇಮಿಡಾಕ್ಲೋಪ್ರಿಡ್ ಜೊತೆ ಪರ್ಮೆಥ್ರಿನ್ ಬೆರೆಸಿದ್ದನ್ನೂ ಮಾರುತ್ತಾರೆ, ನೋಡಿ ತೆಗೆದುಕೊಳ್ಳಬೇಕು. ಎಷ್ಟು ಹಾಕಬೇಕು, ಮತ್ತೆ ಯಾವಾಗ ಎನ್ನುವುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ತೂಕ, ವಯಸ್ಸು ನೋಡಿ ವೈದ್ಯರೇ ಹೇಳಬೇಕಾದದ್ದು.

ಹಾಕುವುದು ಸುಲಭ. ತಲೆಬುರುಡೆಯ ಹಿಂದೆ, ನಾಲಿಗೆ ಎಟುಕದ ಕಡೆ ಕೂದಲು ಬಿಡಿಸಿ ಚರ್ಮಕ್ಕೇ ಬಿಡಬೇಕು, ಕೂದಲಿಗಲ್ಲ. ಜೋಡಿ ಮೊಲಗಳಿದ್ದರೆ ಒಂದನ್ನೊಂದು ನೆಕ್ಕುತ್ತವೆ, ಹನಿ ಒಣಗುವವರೆಗೆ ಬೇರೆ ಬೇರೆ ಇಡಬೇಕು. ನೆಕ್ಕದಿರಲೆಂದು ನಾಯಿಗೆ ಹಾಕುವ ಪ್ಲಾಸ್ಟಿಕ್ ಕೊರಳಪಟ್ಟಿ ಹಾಕಬಾರದು. ಮೊಲ ತನ್ನ ಮೆತ್ತನೆಯ ಹಿಕ್ಕೆಯನ್ನು ತಾನೇ ತಿನ್ನಬೇಕು, ಅದು ಅದರ ಊಟದ ಭಾಗ; ಪಟ್ಟಿ ಇದ್ದರೆ ಅದಕ್ಕೆ ಬಾಯಿ ಎಟುಕುವುದಿಲ್ಲ. ಆ ರಾತ್ರಿ ನಾನು ನೋಡುತ್ತಿದ್ದದ್ದು ಎರಡೇ: ಹುಲ್ಲು ತಿನ್ನುತ್ತಿದೆಯೇ, ಹಿಕ್ಕೆ ಬೀಳುತ್ತಿದೆಯೇ. ಮೊಲ ಅರ್ಧ ದಿನ ಏನೂ ತಿನ್ನದಿದ್ದರೆ, ಕಾರಣ ಯಾವುದೇ ಇರಲಿ, ಬೆಳಗಾಗಲೆಂದು ಕಾಯದೆ ವೈದ್ಯರ ಹತ್ತಿರ ಹೊರಡಬೇಕು.

ಇನ್ನು ನೆಲ. ನಿಜವಾದ ಯುದ್ಧ ಇಲ್ಲೇ. ಮೈಮೇಲೆ ಕಾಣುವ ಚಿಗಟ ಒಟ್ಟು ಸಂಸಾರದ ಸಣ್ಣ ಪಾಲು. ಹೆಣ್ಣು ದಿನಕ್ಕೆ 40ರಿಂದ 50ರವರೆಗೂ ಮೊಟ್ಟೆ ಇಡಬಲ್ಲದು. ಮೊಟ್ಟೆ ಕೂದಲಿಗೆ ಅಂಟುವುದಿಲ್ಲ, ಜಾರಿ ಕೆಳಗೆ ಬೀಳುತ್ತದೆ. ಮರಿಹುಳಕ್ಕೆ ಬೆಳಕು ಆಗದು. ಗಾರೆಯ ಬಿರುಕಿಗೆ, ಗೋಣಿಚೀಲದ ಮಡಿಕೆಗೆ ಇಳಿದು, ದೊಡ್ಡ ಚಿಗಟಗಳ ರಕ್ತದ ಹಿಕ್ಕೆ ತಿಂದು ಬೆಳೆಯುತ್ತದೆ. ಆಮೇಲೆ ಗೂಡು ಕಟ್ಟಿಕೊಂಡು ಅದರ ಮೇಲೆ ಧೂಳು ಅಂಟಿಸಿಕೊಂಡು ಕೂರುತ್ತದೆ. ಆ ಗೂಡಿನೊಳಗೆ ಯಾವ ಸ್ಪ್ರೇಯೂ ಇಳಿಯುವುದಿಲ್ಲ. ಬಿಸಿ, ಉಸಿರು, ಹೆಜ್ಜೆಯ ಅದುರು ಸಿಕ್ಕರೆ ಎದ್ದು ಹಾರುತ್ತದೆ. ಬೀಗ ಹಾಕಿದ್ದ ಮನೆಗೆ ತಿಂಗಳುಗಳ ಮೇಲೆ ಕಾಲಿಟ್ಟರೆ ಚಿಗಟ ಮುತ್ತಿಕೊಳ್ಳುವುದು ಇದಕ್ಕೇ.

ಗುಂಡನ ಗೋಣಿಚೀಲಗಳನ್ನು ಒಲೆಗೆ ಹಾಕಿದೆ. ಬದಲಿಗೆ ಹಳೇ ಕಾಟನ್ ಸೀರೆಯ ತುಂಡುಗಳು. ಕೊತಕೊತ ಕುದಿಯುವ ನೀರಲ್ಲಿ ನೆನೆಸಿ ಒಗೆಯುವುದು. ಮ್ಯಾಟು, ದಿಂಬು ತಾರಸಿಯ ಬಿಸಿಲಿಗೆ. ದಿನಾ ವ್ಯಾಕ್ಯೂಮ್, ಅದರಲ್ಲೂ ಗೋಡೆಯ ಬುಡ, ಮಂಚದ ಕೆಳಗೆ; ಕಸವನ್ನು ಕವರಿನಲ್ಲಿ ಬಿಗಿಯಾಗಿ ಕಟ್ಟಿ ಆಗಲೇ ಹೊರಗೆ. ವ್ಯಾಕ್ಯೂಮಿನ ಅದುರಿಗೆ ಗೂಡಲ್ಲಿದ್ದವು ಎದ್ದು ಬರುತ್ತವೆ, ಅದೂ ಒಳ್ಳೆಯದೇ. ನೆಲದ ಬಿರುಕುಗಳಿಗೆ ಸಿಮೆಂಟು ತುಂಬಿಸಿದೆವು. ನೆಲ ಒರೆಸಿ ಒದ್ದೆ ಬಿಡಬಾರದು, ಮರಿಹುಳಕ್ಕೆ ತೇವವೇ ಜೀವ; ಮಳೆಗಾಲವಾದ್ದರಿಂದ ಒರೆಸಿದ ಮೇಲೆ ಫ್ಯಾನು ಹಾಕಿ ಒಣಗಿಸುತ್ತಿದ್ದೆ. ರಾತ್ರಿ ಗುಂಡನ ಕೋಣೆಯ ಬಾಗಿಲು ಹಾಕಿ, ನಡುಮನೆಯಲ್ಲಿ ಅಗಲ ತಟ್ಟೆಗೆ ಸೋಪಿನ ನೀರು ಹಾಕಿ ಮೇಲೆ ಟೇಬಲ್ ಲ್ಯಾಂಪ್ ಇಡುತ್ತಿದ್ದೆ. ಬೆಳಕಿಗೆ ಹಾರಿ ಬಂದವು ಮುಳುಗುತ್ತವೆ. ಇದರಿಂದ ಚಿಗಟ ಮುಗಿಯುವುದಿಲ್ಲ, ಕಡಿಮೆಯಾಗುತ್ತಿದೆಯೋ ಇಲ್ಲವೋ ತಿಳಿಯುತ್ತದೆ ಅಷ್ಟೆ. ಮದ್ದು ಹಾಕಿ ವಾರಗಳಾದರೂ ಒಂದೆರಡು ಕಾಣುತ್ತಲೇ ಇದ್ದವು. ಔಷಧಿ ಕೆಲಸ ಮಾಡಲಿಲ್ಲ ಎಂದಲ್ಲ, ಹಳೇ ಗೂಡುಗಳು ಈಗ ಒಡೆಯುತ್ತಿವೆ. ಇಲ್ಲಿ ತಾಳ್ಮೆಗೆಟ್ಟು ಮೊಲಕ್ಕೆ ಮತ್ತೊಂದು ಡೋಸ್ ಹಾಕಲು ಹೋಗಬಾರದು.

ಮನೆಯೊಳಗೆ ಸ್ಪ್ರೇ ಹೊಡೆಸುವ ಪ್ರಮೇಯ ನಮಗೆ ಬರಲಿಲ್ಲ. ಬಂದರೆ ಮೊಲ, ಅದರ ಹುಲ್ಲು, ನೀರಿನ ಬಟ್ಟಲು ಎಲ್ಲ ಬೇರೆ ಕಡೆ ಸಾಗಿಸಿ, ನೆಲ ಪೂರ್ತಿ ಒಣಗಿ ಗಾಳಿಯಾಡಿದ ಮೇಲೇ ವಾಪಸು ತರಬೇಕು.

ಬೆಕ್ಕುಗಳ ವಿಷಯ ಬಿಟ್ಟರೆ ಇಷ್ಟೆಲ್ಲ ಮಾಡಿಯೂ ವ್ಯರ್ಥ. ಓಡಿಸಲು ಅತ್ತೆ ಬಿಡಲಿಲ್ಲ, ದಿನಾ ಹಾಲನ್ನ ಇಡುವವರು ಅವರೇ. ಹಾಗಾಗಿ ಅವಕ್ಕೂ ವೈದ್ಯರನ್ನು ಕೇಳಿ ಬೆಕ್ಕಿನ ಹನಿ ಹಾಕಿಸಿದೆವು. ಊಟಕ್ಕೆ ಬಂದಾಗ ಅತ್ತೆ ಹಿಡಿಯುವುದು, ನಾನು ಹಾಕುವುದು. ಎರಡು ಸಿಕ್ಕವು, ಒಂದು ಪರಚಿ ಓಡಿಹೋಯಿತು. ಅವುಗಳ ಜಾಗವನ್ನು ಹಿತ್ತಲ ಕಡೆಗೆ ಬದಲಿಸಿ, ಮುಂಬಾಗಿಲ ನಾರಿನ ಮ್ಯಾಟು ತೆಗೆದು ಒಗೆಯಲು ಬರುವ ಬಟ್ಟೆಯದು ಹಾಕಿದ್ದೇವೆ. ಪರಚಿದ ಬೆಕ್ಕು ಇನ್ನೂ ಕೈಗೆ ಸಿಕ್ಕಿಲ್ಲ, ಆದ್ದರಿಂದ ಭಾನುವಾರದ ಸೀರಣಿಗೆ, ಒದ್ದೆ ಕಾಗದ ಎರಡೂ ನಡೆದೇ ಇವೆ.