ಹುಣಸೆ ಬೀಜದಲ್ಲಿ ಅಳೆದ ಉದ್ಯಾನ

ಬೆಂಗಳೂರಿನ ನಮ್ಮ ಬಡಾವಣೆಯ ಉದ್ಯಾನ ಹೇಗಿದೆ, ಹೇಗಿರಬೇಕು ಎಂಬುದನ್ನು ಅದನ್ನು ಬಳಸುವವರಿಂದಲೇ ತಿಳಿಯಲು ಹೊರಟ ನಾನು, ಮೊದಲಿಗೆ ಅಚ್ಚು ಮಾಡಿಸಿದ ಪ್ರಶ್ನಾವಳಿ ಹಿಡಿದು ಬೆಳಗಿನ ಆರು ಗಂಟೆಗೆ ಗೇಟಿನ ಬಳಿ ನಿಂತೆ. ಅದು ತಪ್ಪು ಕ್ರಮವಾಗಿತ್ತು. ಆ ಹೊತ್ತಿಗೆ ಬರುವವರು ವಾಯುವಿಹಾರದ ಹಿರಿಯರಾದ್ದರಿಂದ ತುಂಬಿಬಂದ ಹಾಳೆಗಳಲ್ಲೆಲ್ಲ ನಡಿಗೆ ಪಥದ ಮಾತೇ ಇತ್ತು. ಮನೆಗೆಲಸದ ಹೆಂಗಸರ, ಶಾಲೆ ಬಿಟ್ಟು ಬರುವ ಮಕ್ಕಳ, ಪಕ್ಕದ ಕಟ್ಟಡದ ಕೂಲಿಕಾರರ ಅಭಿಪ್ರಾಯ ಒಂದೂ ಇರಲಿಲ್ಲ.

ಸ್ಕಾಟ್ಲೆಂಡಿನಲ್ಲಿ 2015ರಿಂದ ಬಳಕೆಯಲ್ಲಿರುವ ‘ಪ್ಲೇಸ್ ಸ್ಟ್ಯಾಂಡರ್ಡ್’ ವಿಧಾನದಲ್ಲಿ ಸ್ಥಳೀಯರೇ ತಮ್ಮ ಪರಿಸರವನ್ನು 14 ವಿಷಯಗಳಲ್ಲಿ ಗಮನಿಸಿ, ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ ಕೊಡುತ್ತಾರೆ. ನಾವು ಅದರಿಂದ ಪ್ರೇರಣೆ ಪಡೆದು ದಾರಿ, ನೆರಳು, ಆಸನ, ಆಟ, ಸುರಕ್ಷತೆ, ಶೌಚಾಲಯ ಎಂಬ ಆರು ವಿಷಯಗಳನ್ನು ಆರಿಸಿಕೊಂಡೆವು. ಓದು ಬಾರದವರೂ ಸಂಕೋಚವಿಲ್ಲದೆ ಭಾಗವಹಿಸಲೆಂದು, ಚೌಕಾಬಾರಕ್ಕೆ ಬರೆಯುವಂತೆ ಸೀಮೆಸುಣ್ಣದಿಂದ ನೆಲದ ಮೇಲೆ ಆರು ಮನೆಗಳನ್ನು ಬರೆದು, ಒಂದೊಂದು ಮನೆಗೆ ಒಂದರಿಂದ ಏಳು ಹುಣಸೆ ಬೀಜಗಳನ್ನು ಇಡುವಂತೆ ಕೇಳಿದೆವು. ಬೀಜ ಇಟ್ಟವರನ್ನು ‘ಏಕೆ ಇಷ್ಟೇ?’ ಎಂದು ಕೇಳಿ, ಅವರ ಉತ್ತರವನ್ನು ಅವರ ಮಾತಿನಲ್ಲಿಯೇ ಬರೆದುಕೊಂಡೆವು. ನನ್ನ ಮಟ್ಟಿಗೆ ಆ ಉತ್ತರಗಳು ಬೀಜಗಳ ಎಣಿಕೆಗಿಂತ ಹೆಚ್ಚು ಬೆಲೆಯುಳ್ಳವು.

ಸುರಕ್ಷತೆಯ ಮನೆಯಲ್ಲಿ ಹಿರಿಯರು ಆರು ಬೀಜ ಇಟ್ಟರೆ, ಹೈಸ್ಕೂಲಿನ ಹುಡುಗಿಯರು ಎರಡೇ ಇಟ್ಟರು. ಸರಾಸರಿ ನಾಲ್ಕೆಂದು ಬರೆಯೋಣವೆಂಬ ಸಲಹೆ ನಮ್ಮ ತಂಡದಲ್ಲಿಯೇ ಬಂದಿತು. ನಾನು ಒಪ್ಪಲಿಲ್ಲ, ಏಕೆಂದರೆ ಆ ನಾಲ್ಕು ಯಾರ ಅನುಭವವೂ ಅಲ್ಲ. ಸಂಜೆ ಆ ಹುಡುಗಿಯರೊಂದಿಗೆ ಉದ್ಯಾನವನ್ನು ಸುತ್ತಿದಾಗ, ಹಿಂಬದಿಯ ದೀಪವನ್ನು ಹೊಂಗೆಯ ಕೊಂಬೆ ಪೂರ್ತಿ ಮುಚ್ಚಿರುವುದೂ, ಆಳೆತ್ತರದ ಬೇಲಿಗಿಡಗಳಿಂದಾಗಿ ಒಳಗಿನವರು ರಸ್ತೆಗೆ ಕಾಣದಿರುವುದೂ ಕಣ್ಣಿಗೆ ಬಿದ್ದವು. ಹೊಸ ದೀಪ ಬೇಕಾಗಿರಲಿಲ್ಲ. ಕೊಂಬೆ ಸವರಿ, ಬೇಲಿಯನ್ನು ಸೊಂಟದೆತ್ತರಕ್ಕೆ ಇಳಿಸಿದರೆ ಸಾಕಾಗಿತ್ತು.

ಇವನ್ನೆಲ್ಲ ಕೇಳಲು ನಾವು ಯಾರೆಂಬ ಅಳುಕು ಹಲವರಲ್ಲಿತ್ತು. ಉದ್ಯಾನ, ಆಟದ ಮೈದಾನಗಳ ರಕ್ಷಣೆಗೆ ಕರ್ನಾಟಕದಲ್ಲಿ 1985ರ ಕಾಯ್ದೆಯಿದೆ ಎಂದೂ, ಇದೇ ಊರಿನಲ್ಲಿ ಉದ್ಯಾನಕ್ಕೆ ಮೀಸಲಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ನಿವಾಸಿಗಳೇ ನ್ಯಾಯಾಲಯಕ್ಕೆ ಹೋಗಿ, 1991ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದರೆಂದೂ ಸಭೆಯಲ್ಲಿ ವಿವರಿಸಿದ ಮೇಲೆ, ಮನವಿಗೆ ಸಹಿ ಹಾಕಲು ಮನೆಗೆಲಸದ ಹೆಂಗಸರೇ ಮೊದಲು ಮುಂದೆ ಬಂದರು.

ಆರು ತಿಂಗಳ ನಂತರ ಅದೇ ಮನೆಗಳನ್ನು ಮತ್ತೆ ಬರೆದೆವು. ಸುರಕ್ಷತೆಗೆ ಹುಡುಗಿಯರು ಐದು ಬೀಜ ಇಟ್ಟರು. ಶೌಚಾಲಯಕ್ಕೆ ಮಾತ್ರ ಎಲ್ಲ ಗುಂಪಿನವರೂ ಹಿಂದಿನಂತೆ ಒಂದೇ ಬೀಜ ಇಟ್ಟರು. ಮಧ್ಯಾಹ್ನದ ಹೊತ್ತು ಅದರ ಬೀಗದ ಕೈ ಯಾರ ಬಳಿ ಇರಬೇಕೆಂಬುದನ್ನು ನಾವಿನ್ನೂ ಮಾತಾಡಿ ತೀರ್ಮಾನಿಸಬೇಕಿದೆ.