ಇಡ್ಲಿ ಬಟ್ಟೆ ಮೂಸಿ ನೋಡಿದ ಮೇಡಂ

2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವಂತಿಲ್ಲ ಎಂದು ಸರ್ಕಾರ ನಿಷೇಧ ತಂದಾಗ ನಾವು ಇಡ್ಲಿ ಹೋಟೆಲಿನವರು ಒಳಗೊಳಗೇ ನಕ್ಕಿದ್ದೆವು. ಬೆಳ್ಳಗಿರೋ ಇಡ್ಲಿಗೆ ಎಲ್ಲಿಯ ಬಣ್ಣ? ವರ್ಷ ತುಂಬುವ ಮೊದಲೇ ನಮ್ಮ ಸರದಿಯೂ ಬಂತು. ಇಡ್ಲಿ ಬೇಯಿಸುವಾಗ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವುದು ರಾಜ್ಯದ 50ಕ್ಕೂ ಹೆಚ್ಚು ಕಡೆ ಸಿಕ್ಕಿಬಿತ್ತು. 2025ರ ಫೆಬ್ರವರಿ ಕೊನೆಗೆ ಅದಕ್ಕೂ ನಿಷೇಧ. ನನ್ನ ಹೋಟೆಲಿನಲ್ಲೂ ಅದೇ ಹಾಳೆ ಇತ್ತು, ಮುಚ್ಚಿಡುವುದೇನು.

ತುಮಕೂರು ಸೀಮೆಯ ತಟ್ಟೆ ಇಡ್ಲಿ ನಮ್ಮದು. ಹಾಳೆಯಾದರೆ ಇಡ್ಲಿ ಜಾರಿಕೊಂಡು ಬರುತ್ತದೆ, ನೀರು ಹಾಯಿಸಿದರೆ ಮುಗೀತು. ಬಿಸಿಗೆ ಪ್ಲಾಸ್ಟಿಕ್ಕಿನಿಂದ ಏನೇನು ಇಡ್ಲಿಗೆ ಇಳಿಯುತ್ತದೋ ಎಂದು ನಾನು ಯೋಚಿಸಿಯೇ ಇರಲಿಲ್ಲ. ಸುದ್ದಿ ನೋಡಿದ ದಿನವೇ ಎಲ್ಲ ತೆಗೆಸಿ, ಅಟ್ಟದ ಮೇಲಿದ್ದ ಹಳೇ ಬಟ್ಟೆ ಇಳಿಸಿದೆ.

ವಾರ ಕಳೆದಿರಲಿಲ್ಲ, ಬೆಳಗ್ಗೆ ಎಂಟೂವರೆ ರಶ್ಶಿನಲ್ಲಿ ಆಹಾರ ಸುರಕ್ಷತಾ ಅಧಿಕಾರಿ ಬಂದರು. ಗಲ್ಲಾದ ಕಡೆ ತಿರುಗಿಯೂ ನೋಡದೆ ನೇರ ಅಡುಗೆಮನೆಗೆ ನಡೆದರು. ನನಗೆ ಧೈರ್ಯವಿತ್ತು, ಹಾಳೆ ಇಲ್ಲವಲ್ಲ! ಅವರು ಒಂದು ಬಟ್ಟೆ ಎತ್ತಿ ಮೂಸಿದರು.

‘ಇದನ್ನ ಒಗೆದಿದ್ದು ಯಾವಾಗ ಸ್ವಾಮಿ?’

‘ದಿನಾ ಒಗೀತೀವಿ ಮೇಡಂ.’

‘ಒಗೆದಿದ್ದಾರೆ, ಹುಳಿ ಹೋಗಿಲ್ಲ.’

ಆಮೇಲೆ ಗ್ರೈಂಡರಿನ ಅಡಿಗೆ ಟಾರ್ಚ್ ಬಿಟ್ಟರು. ಅಲ್ಲಿ ಒಣಗಿದ ಹಿಟ್ಟು ಗಾರೆಯಂತೆ ಕೂತಿತ್ತು. ಕಾಗದಪತ್ರಗಳಲ್ಲಿ ತೊಂದರೆ ಕಡಿಮೆ: ಲೈಸೆನ್ಸು ಗೋಡೆಯ ಮೇಲಿತ್ತು, ನೀರಿನ ಪರೀಕ್ಷೆಯ ವರದಿಯೂ ಇತ್ತು. ಹೊಸದಾಗಿ ಸೇರಿದ ಹುಡುಗನ ವೈದ್ಯಕೀಯ ಪ್ರಮಾಣಪತ್ರ ಮಾತ್ರ ಇರಲಿಲ್ಲ. ಸರಿಪಡಿಸಿಕೊಳ್ಳಿ ಎಂದು 14 ದಿನದ ನೋಟಿಸು ಕೊಟ್ಟು ಹೋದರು.

ಗ್ರೈಂಡರು ಅರ್ಧ ದಿನದ ಕೆಲಸ, ಪ್ರಮಾಣಪತ್ರ ಒಂದು ದಿನದ್ದು. ಬಟ್ಟೆಯೇ ಸತಾಯಿಸಿದ್ದು. ಬಿಸಿನೀರಿಗೆ ಹಾಕಿದರೆ ಕೊಳೆ ಹೋಗುತ್ತದೆ ಅಂತ ಹುಡುಗರು ಮೊದಲು ಕುದಿಯುವ ನೀರಿಗೇ ಅದ್ದುತ್ತಿದ್ದರು. ಅಂಟಿಕೊಂಡ ಹಿಟ್ಟು ಬಿಸಿಗೆ ಅಂಟಂಟಾಗಿ ಎಳೆಯೊಳಗೆ ಕೂರುತ್ತಿತ್ತು! ಇದನ್ನು ಹೇಳಿಕೊಟ್ಟಿದ್ದು ನಮ್ಮತ್ತೆ, ಅಧಿಕಾರಿಯಲ್ಲ. ಈಗ ತಟ್ಟೆಯಿಂದ ತೆಗೆದ ಕೂಡಲೇ ತಣ್ಣೀರಿನ ಬಕೆಟ್ಟಿಗೆ, ಹಿಟ್ಟೆಲ್ಲ ಬಿಟ್ಟ ಮೇಲೆ ಉಜ್ಜಿ, ಸ್ವಲ್ಪ ಅಡುಗೆ ಸೋಡಾ ಹಾಕಿ ಕುದಿಸಿ, ಜಾಲಿಸಿ ಬಿಸಿಲಿಗೆ. ಸೋಪು ಬೇಡ, ಅದರ ವಾಸನೆ ಇಡ್ಲಿಗೆ ಬರುತ್ತದೆ. ಹಳೇ ಪಂಚೆಯ ತುಂಡುಗಳನ್ನು ಎಸೆದು ಕೋರಾ ಬಟ್ಟೆಯ ಮೂರು ಸೆಟ್ ಮಾಡಿಸಿದೆ. ಮಳೆಗಾಲದಲ್ಲಿ ಒಂದು ಸೆಟ್ ಒಣಗದಿದ್ದರೂ ಮತ್ತೊಂದಿರುತ್ತದೆ.

ಬಟ್ಟೆಯೇ ಇಲ್ಲದೆ ತಟ್ಟೆಗೆ ಎಣ್ಣೆ ಸವರಿಯೂ ನೋಡಿದೆ. ಇಳಿಸಿ ಎರಡು ನಿಮಿಷ ಆರಲು ಬಿಟ್ಟರೆ ಚೆನ್ನಾಗಿಯೇ ಏಳುತ್ತದೆ. ಆದರೆ ರಶ್ಶಿನಲ್ಲಿ ಆ ಎರಡು ನಿಮಿಷ ಕಾಯುವವರು ಯಾರು?

ಮೇಡಂ ಎರಡನೇ ಸಲ ಬಂದಾಗಲೂ ಮೊದಲು ಬಟ್ಟೆಯನ್ನೇ ಮೂಸಿದರು. ಏನೂ ಹೇಳಲಿಲ್ಲ. ಟಾರ್ಚ್ ತೆಗೆದು ಗ್ರೈಂಡರಿನ ಕಡೆ ಹೋದರು.